ಆಟದ ಮೇಲೆ ಹೊರಿಸಿದ ಹೊಡೆತ

ಫೆಬ್ರವರಿ ೩

ಗುಬ್ಬಿ,

ನಿನ್ನ ವಕೀಲೆ ನಿನ್ನೆ ಮನೆಗೆ ಬಂದಿದ್ದಳು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದವಳು ನೀರು ಕುಡಿದು, ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅದು ನನ್ನ ಹೇಳಿಕೆಯಂತೆ. ನಾನು ಹೇಳುವ ಮೊದಲೇ ಟೈಪಾಗಿ ಬಂದಿದೆ. ಅದರಲ್ಲಿರುವುದು ಇದು: ನನ್ನ ಮಗ ಮೆದು ಸ್ವಭಾವದವನಾಗಿದ್ದ. ಆ ಕತ್ತಿಯ ವಿಡಿಯೋ ಗೇಮ್ ಹಚ್ಚಿಕೊಂಡ ಮೇಲೆ ಮಾತು ಒರಟಾಯಿತು, ಹೊಡೆಯುವುದರಲ್ಲಿ ಸುಖ ಕಾಣತೊಡಗಿದ. ಗೋದಾಮಿನಲ್ಲಿ ಸೂಪರ್‌ವೈಸರನ್ನು ಹೊಡೆದು ಸರಕು ಇಳಿಸುವ ಕಟ್ಟೆಯಿಂದ ಕೆಡವಿ ಕಾಲು ಮುರಿದದ್ದು ಆ ಚಟದ ಫಲ. ಇದಕ್ಕೆ ನಾನು ಸಹಿ ಹಾಕಬೇಕು. ನೀನು ಜೈಲಿನಲ್ಲಿ ಆಟದ ಚಟ ಬಿಡಿಸುವ ತರಗತಿ ಮುಗಿಸಬೇಕು. ಆಗ ಬೇಸಿಗೆ ಕಳೆದು ಕೂರುವ ಬಿಡುಗಡೆ ಸಮಿತಿ ಉಳಿದ ಎರಡು ವರ್ಷ ಮನ್ನಿಸಿ ನಿನ್ನನ್ನು ಮನೆಗೆ ಕಳಿಸಬಹುದು. ಬಹುದು ಎಂಬುದನ್ನು ಅವಳೇ ಒತ್ತಿ ಹೇಳಿದಳು.

ನಾನು ಅಭ್ಯಾಸಬಲದಿಂದ ಪೆನ್ನು ತೆಗೆದು ಅಲ್ಪವಿರಾಮ ಸರಿ ಮಾಡುತ್ತಾ ಹೋದೆ.

"ಅಮ್ಮಾ, ಅದು ತಿದ್ದೋಕಲ್ಲ, ಸಹಿ ಮಾಡೋಕೆ" ಅಂದಳು.

"ಪತ್ರಿಕೆಲಿ ಪ್ರೂಫ್ ನೋಡ್ಕೊಂಡೇ ಮುದುಕಿ ಆದೋಳು ನಾನು. ನಿಜವೋ ಸುಳ್ಳೋ ಗೊತ್ತಿಲ್ದೆ ಸಹಿ ಹಾಕು ಅಂದ್ರೆ ಕೈ ಬರಲ್ಲ ಕಣಮ್ಮ."

"ನಿಮ್ಗೆ ಮಗ ಬೇಕೋ, ನಿಜ ಬೇಕೋ?" ಅಂದಳು. ಒಳ್ಳೆಯ ಹುಡುಗಿಯೇ. ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಬೇಸತ್ತಿದ್ದಾಳೆ.

ಹಳೆಯದೆಲ್ಲ ನೆನಪಿರುವುದೇ ನನ್ನ ಕಷ್ಟ. ನಾನು ಹುಡುಗಿಯಾಗಿದ್ದಾಗ ಹೆಣ್ಣುಮಕ್ಕಳು ಕಾದಂಬರಿ ಓದಿ ಕೆಡುತ್ತಾರೆ ಎಂದು ದೊಡ್ಡವರು ಸಭೆ ಮಾಡುತ್ತಿದ್ದರು. ಆಮೇಲೆ ಸಿನಿಮಾ ಕೆಡಿಸಿತು, ಆಮೇಲೆ ರೇಡಿಯೊದ ಹಾಡು, ಆಮೇಲೆ ಟಿವಿ. ಆ ಸುದ್ದಿಗಳ ಕರಡನ್ನೆಲ್ಲ ತಿದ್ದಿದವಳು ನಾನೇ. ಯಾವ ಕಾಲದಲ್ಲೂ ಯಾವ ಗೋದಾಮಿನ ಪಾಳಿಯೂ ಯಾರನ್ನೂ ಕೆಡಿಸಿದ ಸುದ್ದಿ ನನ್ನ ಮೇಜಿಗೆ ಬರಲಿಲ್ಲ. ನ್ಯಾಯಾಧೀಶರು ಯಾಕೆ ಹೊಡೆದೆ ಎಂದು ಕೇಳಿದಾಗ ನೀನು "ಸುಸ್ತಾಗಿತ್ತು ಸ್ವಾಮಿ" ಅಂದೆ. ಸರ್ಕಾರಿ ವಕೀಲರು ನಕ್ಕರು. ದಣಿವು ಅವರಿಗೆ ಕಾರಣವೇ ಅಲ್ಲ. ಆಟ ಕಾರಣ.

ಆದರೆ ಆ ಆಟ ಹೇಗಿದೆ ಎಂದು ನನಗೂ ಗೊತ್ತಿಲ್ಲ. ನೀನು ಆಡುವಾಗ ನಾನು ನಿನ್ನ ಬೆನ್ನು ನೋಡಿದ್ದೇನೆ, ಟಿವಿ ನೋಡಿಲ್ಲ. ಹಾಗಾಗಿ ಯಂತ್ರದ ಧೂಳು ಒರೆಸಿದ್ದೇನೆ. ಎಲ್ಲಿ ಒತ್ತಿದರೆ ಏನಾಗುತ್ತದೆ ಬರೆ. ಭೇಟಿಯ ದಿನ ಗಾಜಿನ ಆಚೆಯಿಂದ ನೀನು ಹೇಳಿದ್ದು ಆ ಗದ್ದಲದಲ್ಲಿ ನನಗೆ ಕೇಳಿಸುವುದಿಲ್ಲ. ಆಡಿ ನೋಡಿ, ಆಮೇಲೆ ಸಹಿಯ ಮಾತು.

ನಿನ್ನ ಅಮ್ಮ


ಫೆಬ್ರವರಿ ೧೯

ಅಮ್ಮ,

ಲಕೋಟೆಯ ಮೇಲೆ ಗುಬ್ಬಿ ಎಂದು ಬರೆಯಬೇಡ. ಇಲ್ಲಿ ಪತ್ರ ಹಂಚುವಾಗ ಹೆಸರು ಕೂಗುತ್ತಾರೆ. ನನ್ನ ಗಾತ್ರ ನೋಡಿ ಎಲ್ಲರೂ ನಕ್ಕರು. ಈಗ ಊಟದ ಸಾಲಿನಲ್ಲಿ ನಿಂತರೆ, "ಗುಬ್ಬಿಗೆ ನಾಲ್ಕು ಕಾಳು ಹಾಕ್ರಪ್ಪಾ" ಎನ್ನುತ್ತಾರೆ.

ಸಹಿ ಹಾಕಿಬಿಡು. ಅದರಲ್ಲಿ ಯೋಚಿಸುವಂಥದ್ದೇನಿಲ್ಲ. ಆಟಕ್ಕೇನೂ ನೋವಾಗುವುದಿಲ್ಲ. ನಾನು ತರಗತಿಗೆ ಹೋಗುತ್ತಿದ್ದೇನೆ. ಮೇಷ್ಟ್ರು ಹಲಗೆಯ ಮೇಲೆ ಮೆದುಳಿನ ಚಿತ್ರ ಬರೆದು ಒಂದು ಕಡೆ ಕೆಂಪು ಬಣ್ಣ ತುಂಬುತ್ತಾರೆ. ನಾವು, ಆಟ ನನ್ನನ್ನು ಆಳುತ್ತಿತ್ತು, ಈಗ ನಾನು ಆಟವನ್ನು ಆಳುತ್ತೇನೆ ಎಂದು ಒಟ್ಟಿಗೆ ಹೇಳುತ್ತೇವೆ. ಅವರು ಸಂಜೆ ಇನ್ನೊಂದು ಜೈಲಿಗೆ ಹೋಗಿ ಅದನ್ನೇ ಹೇಳಿಸಬೇಕಂತೆ. ಪಾಪ, ಧ್ವನಿ ಬಿದ್ದುಹೋಗಿದೆ.

ಆಟದ ವಿಷಯ ಬರೆಯಬಾರದು ಎಂದುಕೊಂಡೆ. ನೀನು ಬಿಡುವವಳಲ್ಲ. ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿ. ಬಲಗಡೆ ನಾಲ್ಕು ಗುಂಡಿ. ಚೌಕ ಒತ್ತಿದರೆ ಸಣ್ಣ ಕತ್ತಿ, ತ್ರಿಕೋನ ಒತ್ತಿದರೆ ದೊಡ್ಡದು. ವೃತ್ತ ಒತ್ತಿದರೆ ಆಟದೊಳಗಿನ ಕತ್ತಿಯ ಹೆಂಗಸು ಪಕ್ಕಕ್ಕೆ ಸರಿಯುತ್ತಾಳೆ. ಮೊದಲು ಚೌಕ, ಚೌಕ, ಸ್ವಲ್ಪ ತಡೆದು

(ಮುಂದಿನ ಸಾಲುಗಳಿಗೆಲ್ಲ ಕಪ್ಪು ಮಸಿ ಬಳಿಯಲಾಗಿದೆ)

ಇಷ್ಟು ಬಂದರೆ ಸಾಕು. ಬರದಿದ್ದರೂ ಸಾಕು. ಸಹಿ ಹಾಕು.

ನಿನ್ನ ಮಗ


ಮಾರ್ಚ್ ೮

ಗುಬ್ಬಿ (ಲಕೋಟೆಯ ಮೇಲೆ ಬರೆದಿಲ್ಲ),

ಈ ಪತ್ರವನ್ನು ನನ್ನ ಮಗನಿಗಿಂತ ಮೊದಲು ಓದುತ್ತಿರುವ ಸಾಹೇಬರಿಗೆ ಮೊದಲು ಒಂದು ಮಾತು. ನೀವು ಮಸಿ ಬಳಿದ ಚೌಕ, ತ್ರಿಕೋನಗಳು ಗೋಡೆ ಹಾರುವ ಸಂಕೇತವಲ್ಲ. ಅದು ವಿಡಿಯೋ ಗೇಮಿನ ಪಾಠ. ಬಸ್ಸಿನ ಮೆಟ್ಟಿಲು ಹತ್ತಲು ಇನ್ನೊಬ್ಬರ ಕೈ ಹಿಡಿಯುವ ನಾನು ಯಾರನ್ನು ಯಾವ ಗೋಡೆ ಹಾರಿಸಲಿ? ತೆರಿಗೆ ಕಟ್ಟುವವಳಾಗಿ ಹೇಳುತ್ತಿದ್ದೇನೆ, ಮಸಿ ಉಳಿಸಿ.

ಪಾಠ ಅಳಿಸಿಹೋದದ್ದರಿಂದ ನಾನೇ ಶುರು ಮಾಡಿದೆ. ಪಾಳು ಬಿದ್ದ ಊರು. ಬೂದು ಶಾಲು ಹೊದ್ದ ಹೆಂಗಸು. ಸುತ್ತ ಮಣ್ಣಿನ ಸೈನಿಕರು. ರಕ್ತದ ಹೊಳೆ ಎಂದಿದ್ದರು ಸರ್ಕಾರಿ ವಕೀಲರು. ಒಂದು ತೊಟ್ಟೂ ಕಾಣಲಿಲ್ಲ. ಹೊಡೆದರೆ ಮಡಕೆಯಂತೆ ಒಡೆದು ಪುಡಿಯಾಗುತ್ತಾರೆ. ಅವರೂ ಆಡಿ ನೋಡಿರಲಿಲ್ಲ.

ನಾನು ನೊಣ ಹೊಡೆದ ಹಾಗೆ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಬಡಿದೆ. ಅವಳು ಗಾಳಿಯಲ್ಲಿ ಕತ್ತಿ ಬೀಸಿದಳು, ಹಿಂದಿನಿಂದ ಒಬ್ಬ ಬಂದು ಕೆಡವಿದ. ಪರದೆಯ ಮೂಲೆಯಲ್ಲಿ ದರ್ಜೆ ಬರುತ್ತದಲ್ಲ, ಅವಕ್ಕೆ ನಾನೇ ಕನ್ನಡ ಮಾಡಿಕೊಂಡಿದ್ದೇನೆ: ಸಪ್ಪೆ, ಪರವಾಗಿಲ್ಲ, ಚುರುಕು, ಸೊಗಸು, ಭೇಷ್. ನನಗೆ ಬರುವುದು ಸಪ್ಪೆಯೊಂದೇ. ಒಂದು ಸಲ ಹೇಗೋ ಗೆದ್ದೆ. ಆಗಲೂ ಸಪ್ಪೆ. ಗೆದ್ದವಳಿಗೆ ಯಾಕೆ ಬೈಗುಳ ಎಂದು ಸಿಟ್ಟು ಬಂದು ಪ್ಲಗ್ ಕಿತ್ತೆ. ಹೆಬ್ಬೆರಳ ಬುಡ ಎರಡು ದಿನ ನೋಯಿತು.

ಪಕ್ಕದ ಮನೆಯ ಟೈಲರಮ್ಮ ಬಾಗಿಲು ತಟ್ಟಿದಳು. "ಏನಕ್ಕಾ ಅದು, ಬೆಳಬೆಳಿಗ್ಗೆ ಕತ್ತಿ ಸದ್ದು?"

"ತನಿಖೆ ನಡೀತಿದೆ" ಅಂದೆ.

"ಯಾರ್ದು?"

"ಇನ್ನೂ ಗೊತ್ತಾಗಿಲ್ಲ. ಒಳಗೆ ಬಾ, ಚಹಾ ಕುಡಿ."

ವಕೀಲೆ ಫೋನ್ ಮಾಡಿದ್ದಳು. ಓದುತ್ತಿದ್ದೇನೆ ಎಂದೆ. ಗೆದ್ದರೂ ಸಪ್ಪೆ ಎನ್ನುವುದು ಯಾಕೆ, ಅದನ್ನು ಬರೆ.

ಅಮ್ಮ


ಮಾರ್ಚ್ ೨೭

ಅಮ್ಮ,

ನೀನು ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆಯುತ್ತಿರಬೇಕು. ಅದಕ್ಕೇ ಸಪ್ಪೆ. ಗೆಲ್ಲುವುದು ಅದರಲ್ಲಿ ದೊಡ್ಡದಲ್ಲ, ಯಾರು ಬೇಕಾದರೂ ಗೆಲ್ಲಬಹುದು. ಹೇಗೆ ಗೆದ್ದೆ ಎಂದು ಅದು ನೋಡುತ್ತಿರುತ್ತದೆ. ಮಾಡಿದ್ದನ್ನೇ ಮಾಡಿದರೆ ದರ್ಜೆ ಇಳಿಯುತ್ತದೆ. ಸುಮ್ಮನೆ ನಿಂತರೂ ಇಳಿಯುತ್ತದೆ. ಏಟು ತಿಂದರಂತೂ ಒಂದೇ ಸಲ ನೆಲಕ್ಕೆ. ಬೇರೆ ಬೇರೆ ಹೊಡೆತವನ್ನು ಕಡಿಯದ ಹಾಗೆ ಪೋಣಿಸುತ್ತಾ ಹೋದರೆ ಮಾತ್ರ ಮೇಲೇರುತ್ತದೆ. ಏರಿದ ಹಾಗೆ ಹಿನ್ನೆಲೆಯ ಸಂಗೀತಕ್ಕೆ ಒಂದೊಂದೇ ವಾದ್ಯ ಸೇರುತ್ತದೆ, ಗಮನಿಸು. ಮೊದಲು ಬರೀ ಡೋಲು.

ಮೊದಲು ಹೊಡೆಯಬೇಡ. ನೋಡು. ಪ್ರತಿಯೊಬ್ಬ ಸೈನಿಕನೂ ಹೊಡೆಯುವ ಮೊದಲು ಏನಾದರೊಂದು ಮಾಡುತ್ತಾನೆ. ಒಬ್ಬ ಹಿಮ್ಮಡಿ ಊರುತ್ತಾನೆ, ಒಬ್ಬನ ಭುಜ ಏಳುತ್ತದೆ. ಅದು ಕಂಡ ಮೇಲೆ, ಅವನ ಕತ್ತಿ ಇನ್ನೇನು ತಗುಲಿತು ಎನ್ನುವಾಗ ವೃತ್ತ ಒತ್ತು. ಮೊದಲೂ ಅಲ್ಲ, ಆಮೇಲೂ ಅಲ್ಲ. ಎಲ್ಲ ನಿಧಾನವಾಗುತ್ತದೆ. ಮಣ್ಣಿನ ಕಣ ತೇಲುವುದೂ ಕಾಣುತ್ತದೆ. ಆ ಹೊತ್ತು ನಿನ್ನದು. ಆಮೇಲೆ ತ್ರಿಕೋನ ಒತ್ತಿ ಅವನನ್ನು ಮೇಲಕ್ಕೆ ಎಸೆ, ಅಲ್ಲೇ ಹಿಡಿದಿಡು.

ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಗೋದಾಮಿನಲ್ಲಿ ಬಗ್ಗು, ಎತ್ತು, ತಿರುಗು, ಇಡು. ಮತ್ತೆ ಬಗ್ಗು. ಕೈಗವಸಿನ ಒಳಗೆ ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಮಾಡಿದ್ದನ್ನೇ ಮಾಡುವವನೇ ಒಳ್ಳೆ ಕೆಲಸಗಾರ. ಮನೆಗೆ ಬಂದು ಇದನ್ನು ಹಿಡಿದರೆ ಅದು, ಇದನ್ನು ಆಗಲೇ ಮಾಡಿದೆಯಲ್ಲ, ಬೇರೆ ಏನಾದರೂ ತೋರಿಸು ಎನ್ನುತ್ತಿತ್ತು. ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಸಹಿ ಹಾಕಿದೆಯಾ?

ನಿನ್ನ ಮಗ

(ಕೆಳಗೆ ಪೆನ್ಸಿಲಿನಲ್ಲಿ, ಬೇರೆ ಕೈಬರಹ: ಮೇಲಕ್ಕೆ ಎಸೆಯುವಾಗ ತ್ರಿಕೋನವನ್ನು ಒತ್ತಿ ಹಿಡಿಯಬೇಕು. ಬಿಟ್ಟರೆ ಅವಳು ನೆಲದಲ್ಲೇ ಉಳಿಯುತ್ತಾಳೆ. ನಿಮ್ಮ ಮಗ ಬರೆಯಲು ಮರೆತಿದ್ದಾನೆ. ನಾನು ಒಂದು ತಿಂಗಳು ಅಲ್ಲೇ ಸಿಕ್ಕಿಕೊಂಡಿದ್ದೆ. ಪತ್ರ ವಿಭಾಗ.)


ಏಪ್ರಿಲ್ ೧೪

ಗುಬ್ಬಿ,

ಪತ್ರ ವಿಭಾಗದವರಿಗೆ ನನ್ನ ನಮಸ್ಕಾರ. ಒತ್ತಿ ಹಿಡಿದೆ. ಹೋದಳು ಮೇಲಕ್ಕೆ.

ಇಷ್ಟು ವಾರ ಬರೆಯಲಿಲ್ಲ, ಯಾಕೆಂದರೆ ಹೇಳುವಂಥದ್ದು ಕೈಗೆ ಬಂದಿರಲಿಲ್ಲ. ಈಗ ಬಂದಿದೆ. ದಿನವೂ ಬೆಳಿಗ್ಗೆ ಹಾಲು ಬಂದ ಮೇಲೆ, ಕೈ ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತೇನೆ. ಸೇತುವೆಯ ಮೇಲೆ ಬರುವ ಆ ಕುಂಟು ಸೈನಿಕನನ್ನು ನೋಡುತ್ತಾ ಕೂತಿದ್ದೆ, ಹೊಡೆಯಲೇ ಇಲ್ಲ. ಅವನು ಕೊಂದ, ಮತ್ತೆ ಎದ್ದೆ. ಕೊಂದ, ಎದ್ದೆ. ಒಂದು ಸಲ ಅವನ ಭುಜ ಏಳುವುದು ಕಂಡಿತು. ಕಂಡ ಮೇಲೆ ಮತ್ತೆ ಕಾಣದೆ ಹೋಗಲಿಲ್ಲ. ತಪ್ಪಕ್ಷರವೂ ಹಾಗೇ, ಒಮ್ಮೆ ಕಣ್ಣಿಗೆ ಬಿದ್ದರೆ ಪುಟವೆಲ್ಲ ಬಿಟ್ಟು ಅದೇ ಎದ್ದು ಕೂರುತ್ತದೆ.

ಅವಳ ಕತ್ತಿ ಅವನಿಗೆ ತಗುಲಿದ ಕ್ಷಣ ಎಲ್ಲವೂ ರೆಪ್ಪೆ ಬಡಿಯುವಷ್ಟು ಹೊತ್ತು ನಿಂತುಬಿಡುತ್ತದೆ. ಅವನೂ, ಅವಳೂ, ಗಾಳಿಯೂ. ಕೈಯಲ್ಲಿರುವ ಕಂಟ್ರೋಲರ್ ಒಮ್ಮೆ ನಡುಗುತ್ತದೆ. ಟಿವಿ ಕೆಟ್ಟಿತು ಎಂದುಕೊಂಡಿದ್ದೆ. ಕೆಟ್ಟಿರಲಿಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಆ ನಿಲುಗಡೆಯಿಂದಲೇ ಹೊಡೆತಕ್ಕೆ ತೂಕ. ಅದಿಲ್ಲದಿದ್ದರೆ ಹೊಗೆಯೊಳಗೆ ಕೈ ಆಡಿಸಿದ ಹಾಗಿರುತ್ತಿತ್ತು. ಒಳ್ಳೆಯ ಗದ್ಯದಲ್ಲಿ ಉಸಿರು ಎಲ್ಲಿ ನಿಲ್ಲಬೇಕು ಎಂದು ಗೊತ್ತಿದ್ದವರು ಕಡಿಮೆ. ಈ ಆಟ ಮಾಡಿದವರಲ್ಲಿ ಯಾರಿಗೋ ಗೊತ್ತಿತ್ತು.

ಒಂದು ಹೊಡೆತ ಮುಗಿಯುವ ಮೊದಲೇ ಅದನ್ನು ಕತ್ತರಿಸಿ ಇನ್ನೊಂದಕ್ಕೆ ಹೊರಳುವುದು ಬಂತು. ಸಣ್ಣ ಕತ್ತಿ, ಸಣ್ಣ ಕತ್ತಿ, ಅರ್ಧಕ್ಕೇ ಬಿಟ್ಟು ಪಕ್ಕಕ್ಕೆ ಸರಿದು, ದೊಡ್ಡದರಿಂದ ಮೇಲಕ್ಕೆ. ಬೆರಳಿಗೆ ಹೇಳಬೇಕಾಗಲಿಲ್ಲ. ನಾನು ಅಂದುಕೊಳ್ಳುವುದಕ್ಕೂ ಅವಳು ಮಾಡುವುದಕ್ಕೂ ನಡುವೆ ಸಂದೇ ಇರಲಿಲ್ಲ. ಡೋಲಿಗೆ ಪಿಟೀಲು ಸೇರಿತು. ಸೊಗಸು ಎಂದಿತು. ನಂಬು, ನನ್ನ ಕಣ್ಣಲ್ಲಿ ನೀರು ಬಂತು. ಈ ಕೈಗಳಿಂದ ಮಾಡಿದ ಯಾವುದಕ್ಕೂ ಕಚೇರಿಯಲ್ಲಿ ಯಾರೂ ಸೊಗಸು ಎಂದಿರಲಿಲ್ಲ. ತಪ್ಪು ಉಳಿದರೆ ಮಾತ್ರ ಕರೆಯುತ್ತಿದ್ದರು.

ಇನ್ನೊಂದು. ಸೋತಾಗ ಯಾಕೆ ಸೋತೆ ಎಂದು ತಕ್ಷಣ ತಿಳಿಯುತ್ತದೆ. ಅವನು ಕೈ ಎತ್ತಿದ್ದ, ನಾನು ನೋಡಲಿಲ್ಲ. ಪರದೆಯಲ್ಲಿ ಕಾಣದೆ ಬೆನ್ನ ಹಿಂದಿರುವವನೂ ಮುನ್ಸೂಚನೆ ಕೊಡದೆ ಹೊಡೆಯುವುದಿಲ್ಲ, ಒಂದು ಸದ್ದಾದರೂ ಮಾಡುತ್ತಾನೆ. ಇಷ್ಟು ನ್ಯಾಯ ನನಗೆ ಪುರಸಭೆಯಲ್ಲಿ ಸಿಕ್ಕಿಲ್ಲ, ಪಿಂಚಣಿ ಕಚೇರಿಯಲ್ಲಿ ಸಿಕ್ಕಿಲ್ಲ, ನಿನ್ನ ವಿಚಾರಣೆಯಲ್ಲಂತೂ ಇಲ್ಲವೇ ಇಲ್ಲ.

ಹಾಗಾಗಿ ಸಹಿ ಹಾಕುವುದು ಹೇಗೆ? ಈ ಆಟ ಕಲಿಸುವುದು ಕಾಯುವುದನ್ನು. ಎದುರಿನವನನ್ನು ನೋಡುವುದನ್ನು. ಸಿಟ್ಟಿನಿಂದ ಬಡಿದವರಿಗೆ ಇಲ್ಲಿ ಸಪ್ಪೆ. ನೀನು ಅವತ್ತು ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೆ ಈಗ ಗೊತ್ತು. ಗೊತ್ತಿದ್ದೂ ಸಹಿ ಹಾಕಿದರೆ ನಿನ್ನ ಮೇಲೆ ಪಾಳಿಗೆ ಪಾಳಿ ಹೇರಿದವರು ನಿಶ್ಚಿಂತೆಯಿಂದ ಮಲಗುತ್ತಾರೆ.

ಅಮ್ಮ


ಮೇ ೨

ಗುಬ್ಬಿ,

ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತೇನೆ.

ನಾನು ಸೂಪರ್‌ವೈಸರನ್ನು ನೋಡಲು ಹೋಗಿದ್ದೆ. ನಿನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಈಗ ಅವನನ್ನು ಗೋದಾಮಿನ ಗೇಟಿನಲ್ಲಿ ಕೂರಿಸಿದ್ದಾರೆ. ಲಾರಿ ಬಂದರೆ ಕಂಬ ಎತ್ತುವುದು, ಹೋದರೆ ಇಳಿಸುವುದು. ಪಕ್ಕದಲ್ಲಿ ಊರುಗೋಲು. ನಾನು ಯಾರೆಂದು ಹೇಳಿದೆ. ಅವನು ಎದ್ದು ಕುರ್ಚಿ ನನ್ನ ಕಡೆ ತಳ್ಳಿದ.

"ಕೂತ್ಕೊಳ್ಳಿ."

"ನೀವು?"

"ನಾನು ನಿಂತಿರ್ತೀನಿ. ಕೂತ್ರೆ ಏಳೋದು ಕಷ್ಟ."

"ಕ್ಷಮಿಸಿ ಅಂತ ಕೇಳೋಕೆ ಬಂದೆ."

"ನೀವೇನ್ ಮಾಡಿದ್ರಿ? ಅವನು ಕೇಳ್ಬೇಕು." ಒಂದು ಲಾರಿ ಬಂತು, ಕಂಬ ಎತ್ತಿದ, ಇಳಿಸಿದ. "ಕೇಳಿದ್ನಲ್ಲ, ಕೋರ್ಟಲ್ಲೇ. ಯಾರೂ ಬರ್ಕೊಳ್ಲಿಲ್ಲ."

"ಅವತ್ತು ಅವನಿಗೆ ಎಷ್ಟನೇ ಪಾಳಿ?"

"ಎರಡು ಮುಗಿದಿತ್ತು. ಮೂರನೇದೂ ಮಾಡು ಅಂತ ನಾನೇ ಹೇಳ್ದೆ. ಮೇಲಿನೋರು ನನಗೆ ಹೇಳಿದ್ರು, ನಾನು ಅವನಿಗೆ ಹೇಳ್ದೆ. ನನಗೂ ಅದು ಮೂರನೇದೇ."

"ಅದನ್ನ ಯಾಕೆ ಹೇಳ್ಲಿಲ್ಲ?"

"ಕೇಳ್ಲಿಲ್ಲ. ಆಟದಿಂದ ಆಯ್ತು ಅಂತ ಕಂಪನಿಯೋರು ಹೇಳಿದ್ರು. ಹೌದಾ ಅಂದೆ. ಕುರ್ಚಿ ಕೊಟ್ಟಿದಾರಲ್ಲ, ಈ ಕಾಲಿಗೆ ಇನ್ನೆಲ್ಲಿ ಕೆಲಸ ಸಿಗುತ್ತೆ?"

ನಾನು ಕೇಳಬಾರದಿತ್ತೇನೋ, ಆದರೂ ಕೇಳಿದೆ. "ಅವನು ಕೈ ಎತ್ತಿದ್ದು ನಿಮಗೆ ಕಾಣ್ಲಿಲ್ವಾ?"

"ಕಾಣದೆ ಏನು? ಪೂರ್ತಿ ಕಂಡಿತು. ಪಕ್ಕಕ್ಕೆ ಸರೀಬೇಕು ಅಂತಾನೂ ಅನ್ನಿಸ್ತು. ಕಾಲು ಏಳ್ಲಿಲ್ಲ ತಾಯಿ."

ಮನೆಗೆ ಬಂದು ಆಟ ಹಾಕಲಿಲ್ಲ. ಮೂರು ದಿನವಾಯಿತು.

ಅಮ್ಮ


ಮೇ ೨೦

ಅಮ್ಮ,

ಅವರ ಹತ್ತಿರ ಯಾಕೆ ಹೋದೆ? ನೀನು ಹೋಗಿ ಎದುರಿಗೆ ನಿಂತರೆ ಅವರು ಎದ್ದು ಕುರ್ಚಿ ಕೊಡಬೇಕಾಗುತ್ತದೆ. ಕೊಟ್ಟರಲ್ಲ.

ಕಾಲು ಏಳಲಿಲ್ಲ ಎಂದಿದ್ದನ್ನು ಓದಿ ನಾನು ಪತ್ರ ಮಡಚಿಟ್ಟೆ. ಅದರ ಬಗ್ಗೆ ಬರೆಯಲು ನನ್ನಿಂದಾಗದು.

ನೀನು ಬರೆದದ್ದೆಲ್ಲ ಸರಿ. ಆಟದ ಬಗ್ಗೆ ನನಗೂ ಹಾಗೆ ಹೇಳಲು ಬರುತ್ತಿರಲಿಲ್ಲ. ನಿನ್ನ ಪತ್ರವನ್ನು ಪಕ್ಕದ ಮಂಚದವನಿಗೆ ಓದಿ ಹೇಳಿದೆ, ಅವನು ಇನ್ನೊಂದು ಸಲ ಓದು ಎಂದ. ಆದರೆ ಅಮ್ಮ, ನೀನು ಯಾವಾಗಲೂ ಸರಿಯೇ. ನೀರಿನ ಕೊಳಾಯಿಯ ವಿಷಯದಲ್ಲಿ ಸರಿ, ಬೀದಿ ದೀಪದಲ್ಲಿ ಸರಿ, ನನ್ನ ಶಾಲೆಯ ಹೆಡ್‌ಮಾಸ್ಟರರ ವಿಷಯದಲ್ಲಿ ಸರಿ. ಆ ಜಗಳದಿಂದ ಶಾಲೆ ಬಿಟ್ಟು ಬೇರೆ ಶಾಲೆಗೆ ಬಸ್ಸಿನಲ್ಲಿ ಹೋದವನು ನಾನು. ನಿನಗೆ ಇದು ನ್ಯಾಯದ ಪ್ರಶ್ನೆ. ನನಗೆ ಬಾಗಿಲು.

ಇಲ್ಲಿ ದೀಪ ಆರಿಸುವುದಿಲ್ಲ. ಯಾರೋ ಒಬ್ಬ ಕೆಮ್ಮುತ್ತಲೇ ಇರುತ್ತಾನೆ. ಮಲಗಿರುತ್ತೇನೆ, ಮೈಯೆಲ್ಲ ಕಲ್ಲಾಗಿರುತ್ತದೆ, ಕಣ್ಣು ಮುಚ್ಚುವುದಿಲ್ಲ. ಗೋದಾಮಿನಲ್ಲಿ ಇಷ್ಟು ದಣಿದಿರಲಿಲ್ಲ. ನನಗೆ ಸರಿ ಅನ್ನಿಸಿಕೊಳ್ಳುವುದು ಬೇಡ. ಮನೆಗೆ ಬರಬೇಕು. ಸಮಿತಿ ಜುಲೈ ಮೊದಲ ವಾರ ಕೂರುತ್ತದೆ.

ಒಂದು ಸಲ, ಒಂದೇ ಒಂದು ಸಲ, ಸುಮ್ಮನೆ ಸಹಿ ಹಾಕು.

ನಿನ್ನ ಮಗ


ಜೂನ್ ೩

ಮಗನೇ,

ಸಹಿ ಹಾಕಿದೆ. ಅಲ್ಪವಿರಾಮಗಳನ್ನೂ ತಿದ್ದದೆ ಹಾಕಿದೆ. ವಕೀಲೆ ಕಾಗದ ತೆಗೆದುಕೊಂಡು, "ಥ್ಯಾಂಕ್ಸ್ ಅಮ್ಮಾ" ಎಂದು ನನ್ನ ಭುಜ ಹಿಡಿದಳು. ಏನಾದರೂ ಹೇಳುತ್ತೇನೆಂದು ಕಾದಳು. ನಾನು ಪೆನ್ನಿನ ಮುಚ್ಚಳ ಹಾಕಿ ಎದ್ದೆ.

ಮನೆಯಲ್ಲಿ ಆ ಯಂತ್ರ ಇರಬಾರದಂತೆ, ತಪಾಸಣೆಗೆ ಬರುತ್ತಾರಂತೆ. ಟೈಲರಮ್ಮನ ಮನೆಯಲ್ಲಿಟ್ಟಿದ್ದೇನೆ. ಕೊನೆಯ ದಿನ ಭೇಷ್ ಬಂತು. ಅದನ್ನು ಹೇಳಬಾರದು ಎಂದುಕೊಂಡಿದ್ದೆ.

ನಿನ್ನ ಕೋಣೆಯ ಕಿಟಕಿಗೆ ದಪ್ಪ ಪರದೆ ಹೊಲಿಸಿದ್ದೇನೆ. ಬಾಗಿಲು ಹಾಕಿದರೆ ಕತ್ತಲೆ ಇರುತ್ತದೆ.

ಅಮ್ಮ


ಜುಲೈ ೧೧

ಅಮ್ಮ,

ವಕೀಲೆ ನಿನಗೆ ಆಗಲೇ ಹೇಳಿರುತ್ತಾಳೆ. ಆದರೂ ನಾನು ಬರೆಯಬೇಕು.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷೆ, ಒಬ್ಬ ಮುದಿ ಡಾಕ್ಟರು, ಗಡಿಯಾರ ನೋಡುತ್ತಲೇ ಇದ್ದ ಇನ್ನೊಬ್ಬರು. ನಿನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ನಿನ್ನ ಮಾತಿನ ಹಾಗೆ ಒಂದು ಸಾಲೂ ಇರಲಿಲ್ಲ. ತಲೆ ತಗ್ಗಿಸಿ ಕೇಳಿದೆ.

"ಈಗ ಆ ಆಟದ ಬಗ್ಗೆ ಏನನ್ಸುತ್ತೆ?" ಎಂದರು ಅಧ್ಯಕ್ಷೆ.

"ತಪ್ಪು ಅನ್ಸುತ್ತೆ ಮೇಡಂ. ಅದು ನನ್ನನ್ನ ಆಳ್ತಿತ್ತು."

"ಈಗ?"

"ಈಗ ನಾನು ಅದನ್ನ ಆಳ್ತೀನಿ."

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಧ್ಯಕ್ಷೆ ಪೆನ್ನು ಮುಚ್ಚುತ್ತಿದ್ದರು. ಆಗ ಡಾಕ್ಟರು ಕನ್ನಡಕ ತೆಗೆದು, "ಅಲ್ಲಪ್ಪಾ, ಒಂದು ಕೇಳ್ಲಾ? ಇದು ಫೈಲಿಗಲ್ಲ. ನನ್ನ ಮೊಮ್ಮಗಳೂ ಇಂಥದ್ದೇ ಏನೋ ಆಡ್ತಾಳೆ, ಊಟಕ್ಕೆ ಕರೆದ್ರೂ ಏಳಲ್ಲ. ಅದ್ರಲ್ಲಿ ಅಂಥದ್ದೇನಿದೆ?" ಎಂದರು.

ಅವರಿಗೆ ನಿಜವಾಗಿ ತಿಳಿಯಬೇಕಿತ್ತು. ಅದೇ ನನ್ನನ್ನು ಕೆಡಿಸಿತು. ಹೊಡೆಯೋ ಖುಷಿ ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ, ನೀನು ಬರೆದದ್ದು ಬಂತು. ಹೊಡೆಯೋದಲ್ಲ ಸಾರ್, ಅದಕ್ಕೆ ಮುಂಚೆ ನೋಡೋದು ಎಂದೆ. ಎದುರಿನವನು ಭುಜ ಎತ್ತುವುದನ್ನು ನೋಡಿ, ಇನ್ನೇನು ತಗುಲಿತು ಅನ್ನುವವರೆಗೆ ಕಾಯುವುದು. ನನ್ನ ಹೊಡೆತ ತಗುಲಿದಾಗ ಎಲ್ಲ ಒಂದು ಗಳಿಗೆ ನಿಲ್ಲುವುದು. ಮಾಡಿದ್ದನ್ನೇ ಮಾಡಿದರೆ ಅದು ಒಪ್ಪುವುದಿಲ್ಲ ಎನ್ನುವುದು. ಕೈ ಮಾಡಿ ಮಾಡಿ ತೋರಿಸಿದೆ. ಗಡಿಯಾರ ನೋಡುತ್ತಿದ್ದವರೂ ಗಡಿಯಾರ ಬಿಟ್ಟು ನನ್ನನ್ನು ನೋಡಿದರು. ಎಷ್ಟು ಹೊತ್ತು ಮಾತಾಡಿದೆನೋ.

"ಹಾಗಾದ್ರೆ ಅವತ್ತು?" ಎಂದರು ಡಾಕ್ಟರು.

"ಅವತ್ತು ನಾನು ಏನೂ ನೋಡ್ಲಿಲ್ಲ ಸಾರ್. ಅವರ ಮುಖಾನೂ ಕಾಣ್ಲಿಲ್ಲ. ಎರಡು ಪಾಳಿ ಆಗಿತ್ತು. ಆಟದಲ್ಲಿ ಕಲ್ತಿದ್ದು ಸಾಸಿವೆಯಷ್ಟು ಕೈಯಲ್ಲಿ ಉಳಿದಿದ್ರೂ ಹ್ಯಾಗೆ ನಿಂತಿದಾರೆ ಅಂತ ನೋಡ್ತಿದ್ದೆ. ಅವರಿಗೂ ನಿಲ್ಲೋಕಾಗ್ತಿರಲಿಲ್ಲ."

ಅಧ್ಯಕ್ಷೆ ಪೆನ್ನು ಮತ್ತೆ ತೆರೆದರು. "ಹಾಗಾದ್ರೆ ನಿಮ್ಮ ತಾಯಿ ಬರೆದಿರೋದು?"

"ಅವರು ಬರೆದಿದ್ದಲ್ಲ ಮೇಡಂ. ನಾನು ಕಾಡಿ ಹಾಕಿಸಿದ ಸಹಿ."

ನನ್ನನ್ನು ಹೊರಗೆ ಕೂರಿಸಿದರು. ಆಮೇಲೆ ಗುಮಾಸ್ತ ಬಂದು ಓದಿದ: ಬಂದಿಯು ಇನ್ನೂ ಆಟದ ಹಿಡಿತದಲ್ಲಿದ್ದಾನೆ, ಬಿಡುಗಡೆಗೆ ಶಿಫಾರಸು ಮಾಡಲಾಗದು. ವಕೀಲೆ ನನ್ನ ಮೇಲೆ ಕೂಗಾಡಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, "ಯಾಕೋ?" ಎಂದಳು ಅಷ್ಟೇ. ಅವಳ ಕಾಲಿನ ಚಪ್ಪಲಿ ಒಂದು ಕಡೆ ಕಿತ್ತುಹೋಗಿತ್ತು.

ನಿನ್ನಿಂದ ಸುಳ್ಳು ಹೇಳಿಸಿ, ಅದನ್ನೂ ವ್ಯರ್ಥ ಮಾಡಿದೆ. ಬೈಯಬೇಕೆನಿಸಿದರೆ ಬೈ.

ಮಧ್ಯಾಹ್ನ ವಾಪಸು ಬಂದು ಹಾಸಿಗೆಯ ಮೇಲೆ ಒರಗಿದೆ. ಸಂಜೆಯ ಎಣಿಕೆಗೆ ಕಾವಲುಗಾರ ಭುಜ ಹಿಡಿದು ಅಲುಗಿಸಬೇಕಾಯಿತಂತೆ. ಸತ್ತಿದ್ದಾನೆ ಎಂದುಕೊಂಡರಂತೆ. ನಿದ್ದೆ ಹೋಗಿದ್ದೆ ಅಮ್ಮ.

ನಿನ್ನ ಮಗ


ಜುಲೈ ೨೬

ಗುಬ್ಬಿ,

ಮೊದಲು ಸಿಟ್ಟು ಬಂತು. ಹುಟ್ಟಿದಾಗಿನಿಂದ ಹೇಳದವಳು ಒಂದು ಸುಳ್ಳು ಹೇಳಿದೆ, ಅದನ್ನೂ ನಿನಗೆ ಉಳಿಸಿಕೊಳ್ಳಲಾಗಲಿಲ್ಲ ಎಂದು ಪಾತ್ರೆಗಳನ್ನು ಕುಕ್ಕಿದೆ. ಎರಡು ವರ್ಷ ನಿನಗೆ ಬರೀ ಎರಡು ವರ್ಷ. ನನ್ನ ಮಂಡಿ, ನನ್ನ ಕಣ್ಣು ನೋಡಿಕೊಂಡರೆ ನನಗೆ ಅದು ಬೇರೆ ಲೆಕ್ಕ. ಅದನ್ನು ನಿನಗೆ ಹೇಳದೆ ಇರಲಾರೆ. ಇನ್ನು ಹೇಳುವುದಿಲ್ಲ.

ಆಮೇಲೆ ಸಮಿತಿಯ ಕಚೇರಿಗೆ ಹೋದೆ, ನನ್ನ ಹೇಳಿಕೆ ವಾಪಸು ಕೇಳಲು.

"ಅದು ಫೈಲಿಗೆ ಹೋಯ್ತು ಅಮ್ಮಾ" ಅಂದ ಗುಮಾಸ್ತ.

"ಅದು ಸುಳ್ಳು ಕಣಪ್ಪ."

"ಸುಳ್ಳು ಅಂದ್ರೆ ನಿಮ್ಮ ಮೇಲೇ ಕೇಸ್ ಆಗುತ್ತೆ."

"ಆಗ್ಲಿ. ಎಲ್ಲಿ ಬರೀಬೇಕು ಹೇಳು."

ಅವನು ಅತ್ತಿತ್ತ ನೋಡಿ, "ಮನೆಗೆ ಹೋಗಿ ಅಮ್ಮಾ, ಮಳೆ ಬರೋ ಹಾಗಿದೆ" ಅಂದ. ಇಷ್ಟು ದೊಡ್ಡ ಕಚೇರಿ ಕಟ್ಟಿದ್ದಾರೆ, ಸುಳ್ಳು ತೆಗೆದುಕೊಳ್ಳಲು ಕಿಟಕಿಯಿದೆ, ಹಿಂದಕ್ಕೆ ಕೊಡಲು ಇಲ್ಲ. ಅದೆಲ್ಲ ಎಲ್ಲಿಗೆ ಬರೆಯಬೇಕೋ ಅಲ್ಲಿಗೆ ಬರೆದಿದ್ದೇನೆ.

ಪಾಳಿಗಳ ವಿಷಯವನ್ನು ಕಾರ್ಮಿಕ ಇಲಾಖೆಗೆ ಬೇರೆಯಾಗಿ ಬರೆದೆ. ಕಳಿಸುವ ಮೊದಲು ಅದಕ್ಕೆ ಸಾಕ್ಷಿಯ ಸಹಿ ಕೇಳಲು ಗೋದಾಮಿನ ಗೇಟಿಗೆ ಹೋದೆ. ಸೂಪರ್‌ವೈಸರ್ ನಿಂತೇ ಓದಿದ. ನೀನು ಸಮಿತಿಯ ಮುಂದೆ ಹೇಳಿದ್ದನ್ನೂ ಹೇಳಿದೆ, ಅವನಿಗೂ ನಿಲ್ಲಲಾಗುತ್ತಿರಲಿಲ್ಲ ಎಂದಿದ್ದನ್ನು. ಅವನು ಪೆನ್ನು ತೆಗೆದ, ಹಿಡಿದುಕೊಂಡೇ ಇದ್ದ. ಎರಡು ಲಾರಿ ಬಂದು ಹೋದವು. "ಇನ್ನೊಂದ್ ದಿನ ಬನ್ನಿ ತಾಯಿ" ಅಂದ. ನಾನು ಒತ್ತಾಯ ಮಾಡಲಿಲ್ಲ. ನಾಳೆ ಹೋಗುತ್ತೇನೆ. ಹಾಕಿದರೆ ಹಾಕಲಿ. ಹಾಕದಿದ್ದರೆ ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಬೈ ಎಂದಿದ್ದೀಯ. ಬೈಯಲು ಕೂತೆ, ನಿನ್ನ ಪತ್ರದ ಕೊನೆಯ ಸಾಲು ಮತ್ತೆ ಓದಿದೆ. ಗೋದಾಮಿಗೆ ಸೇರಿದಾಗಿನಿಂದ ನೀನು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಎಣಿಕೆಗೆ ಕರೆದಾಗ ಏಳು, ಅವರ ಲೆಕ್ಕ ತಪ್ಪಬಾರದು. ಆಮೇಲೆ ಮತ್ತೆ ಮಲಗು.

ಅಮ್ಮ